ತಾಯಿಯನ್ನು ತೋರಿಸಿ

ಮೊದಲ ಮರಿ ಕಂಡದ್ದು ಶಾರ್ಜಾದ ಒಂದು ಪಾರ್ಕಿಂಗಿನಲ್ಲಿ,
ಬಿಳಿ ಕಾರಿನ ಡಿಕ್ಕಿಯೊಳಗೆ, ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ.
"ಅಪ್ಪಟ ತಳಿ ಭಾಯಿ. ಎರಡು ಸಾವಿರ. ಇವತ್ತೇ ಆದರೆ ಸಾವಿರದೆಂಟುನೂರು."
ಮರಿಯ ಮೂಗು ಒಣಗಿತ್ತು, ಹೊಟ್ಟೆ ಮಾತ್ರ ಡೋಲು.
ವೈಜು ನನ್ನ ಅಂಗಿಯ ತುದಿ ಹಿಡಿದು ಕೇಳಿದಳು:
"ಇದರ ಅಮ್ಮ ಎಲ್ಲಿ?"
ಅವನು ಡಿಕ್ಕಿ ಮುಚ್ಚಿದ.

ಅಮ್ಮ ಎಲ್ಲೆಂದು ಕೇಳಿದರೆ ಮುಚ್ಚಿಕೊಳ್ಳುವ ಬಾಗಿಲುಗಳೇ ಹೆಚ್ಚೆಂದು
ಆಮೇಲಿನ ಆರು ಶುಕ್ರವಾರ ಕಲಿಸಿದವು.
ಒಬ್ಬ ಪಾಸ್‌ಪೋರ್ಟ್ ತೋರಿಸಿದ, ನಾಯಿಯದು, ಯಾವುದೋ ಹಿಮದ ದೇಶದ್ದು;
ಅದರ ತಾರೀಖಿನ ಲೆಕ್ಕಕ್ಕೆ ಅಂಗೈಯಗಲದ ಆ ಮರಿಗೆ ಎರಡೂವರೆ ವರ್ಷ.
ಇನ್ನೊಬ್ಬನ ಹಸ್ಕಿ ಜೂನ್ ತಿಂಗಳ ಬಾಲ್ಕನಿಯಲ್ಲಿ
ನಾಲಿಗೆ ಚಾಚಿ ತನ್ನದೇ ನೆರಳನ್ನು ಹುಡುಕುತ್ತಿತ್ತು.
ಮೂರನೆಯವನ ಫೋನು, ಮುಂಗಡ ಕಳಿಸಿದ ಮರುಗಳಿಗೆಯಿಂದ,
ವ್ಯಾಪ್ತಿ ಪ್ರದೇಶದ ಹೊರಗೆ.
ಹೆಚ್ಚಲ್ಲ, ಇನ್ನೂರು ದಿರ್ಹಮ್. ಹೆಂಡತಿಗೆ ಹೇಳಿಲ್ಲ.

ಫಲಜ್ ಅಲ್ ಮುಅಲ್ಲಾದ ಆಚೆ,
ಡಾಂಬರು ಮುಗಿದು ಗಾಫ್ ಮರಗಳು ಶುರುವಾಗುವಲ್ಲಿ
ಮೋಝಾ ಎಂಬ ಮುದುಕಿಯ ಅಂಗಳ.
ಚಪ್ಪಲಿ ಹೊರಗೆ, ಎಂದಳು. ಕೈ ತೊಳೆಯಿರಿ.
ಬಸದಿಯ ಮೆಟ್ಟಿಲಲ್ಲಿ ನಿಂತ ಹಾಗಾಯಿತು.

ಮೊದಲು ಬಂದದ್ದು ತಾಯಿಯೇ. ಸಲೂಕಿ. ಹೆಸರು ಶಮ್ಮಾ.
ಮರಳನ್ನು ಎಳೆದು ಉದ್ದ ಮಾಡಿದಂಥ ಮೈ,
ಕಿವಿಯಂಚಿಗೆ ರೇಷ್ಮೆಯ ಗೊಂಡೆ,
ಮೊಲೆಗಳಲ್ಲಿ ಇನ್ನೂ ಹಾಲಿನ ಭಾರ.
ನನ್ನನ್ನೊಮ್ಮೆ ಮೂಸಿ, ವೈಜುವನ್ನು ಎರಡು ಸಲ ಮೂಸಿ,
ತೀರ್ಪು ಹೇಳದೆ ಒಳಗೆ ಹೋದಳು.

ನಾನು ಬೆಲೆ ಕೇಳುವ ಮೊದಲೇ ಮೋಝಾ ನನ್ನನ್ನು ಕೇಳತೊಡಗಿದಳು,
ಅರ್ಧ ಹಿಂದಿ, ಅರ್ಧ ಅರಬ್ಬಿ, ನಡುವೆ ಯಾರಿಂದಲೋ ಕಲಿತ ಒಂದು "ಅಯ್ಯೋ":
ಎಷ್ಟನೇ ಮಹಡಿ? ಲಿಫ್ಟು ಕೆಟ್ಟರೆ?
ಮನೆ ಮಾಲೀಕ ಒಪ್ಪಿದ್ದಾನೋ? ಕಾಗದದಲ್ಲೋ, ಬಾಯಲ್ಲೋ?
ಓಡುವುದಕ್ಕೇ ಹುಟ್ಟಿದ್ದು ಇದು, ಎಲ್ಲಿ ಓಡಿಸುತ್ತೀ?
ಏನು ತಿನ್ನಿಸುತ್ತೀ?
ನಾವು ಜೈನರು, ಎಂದೆ. ಅನ್ನ, ಬೇಳೆ, ಮೊಸರು...
ಅವಳು ನಕ್ಕ ಸದ್ದಿಗೆ ಒಳಗೆ ಮರಿಗಳೆಲ್ಲ ಕುಂಯ್‌ಗುಟ್ಟಿದವು.
"ನೀನು ತಿನ್ನಬೇಡ ಗುಣಪಾಲ್. ಅದು ತಿನ್ನಲಿ."
ಮತ್ತೆ, ನಗು ಆರಿದ ಮೇಲೆ:
"ವೀಸಾ ಎಷ್ಟು ವರ್ಷ?"

ಎರಡು. ಆಮೇಲೆ ಕಂಪನಿಯ ಮನಸ್ಸು.

"ಮನಸ್ಸು ಬದಲಾದರೆ?"

ನಮ್ಮ ಕಟ್ಟಡದ ಕೆಳಗೆ, ಕಸದ ತೊಟ್ಟಿಯ ಪಕ್ಕ,
ಕೊರಳಪಟ್ಟಿ ಕಳಚದೆ ಬಿಟ್ಟುಹೋದ ಒಂದು ಲ್ಯಾಬ್ರಡಾರ್
ಬಂದ ಬಂದ ಕಾರಿಗೆಲ್ಲ ಎದ್ದು ನಿಲ್ಲುತ್ತಿತ್ತು
ಮಾರ್ಚಿನಿಂದ ಮೇ ತನಕ.
ಅವಳಿಗೆ ಅದನ್ನು ಹೇಳಲಿಲ್ಲ.

ಕಾಗದ ತಂದಳು. ಮರಿಯ ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ;
ಹೆಣ್ಣಿನ ಕಡೆಯಿಂದಲೇ ಎಣಿಕೆ, ನಮ್ಮ ಅಳಿಯಸಂತಾನದ ಹಾಗೆ.
ಕೊನೆಗೆ ಕೈಬರಹದ ಒಂದು ಸಾಲು. ತಾನೇ ಓದಿ ಅರ್ಥ ಹೇಳಿದಳು:
ಸಾಕಲಾಗದ ದಿನ, ವಯಸ್ಸು ಎಷ್ಟೇ ಆಗಿರಲಿ, ಕಾರಣ ಏನೇ ಇರಲಿ,
ಬೇರೆಲ್ಲೂ ಅಲ್ಲ, ನನ್ನ ಬಾಗಿಲಿಗೇ ತರತಕ್ಕದ್ದು.

ಆ ಸಾಲಿನ ಮೇಲೆ ಬೆರಳಿಟ್ಟು ತುಸು ಹೊತ್ತು ಕೂತೆ.
ಹತ್ತೊಂಬತ್ತು ವರ್ಷದ ಹಿಂದೆ, ಮುಂಬೈಯ ಒಂದು ಮಾಳಿಗೆಯಲ್ಲಿ,
ನನ್ನನ್ನು ಇಲ್ಲಿಗೆ ಕಳಿಸಿದ ಏಜೆಂಟ್ ಹಲ್ಲು ಬಿಡಿಸಿ ನೋಡಲಿಲ್ಲ;
ಅಷ್ಟು ಮರ್ಯಾದೆ ಇತ್ತು.
ಮೂರು ಕಾಗದಕ್ಕೆ ಸಹಿ ಹಾಕಿಸಿದ.
ಮೂರರಲ್ಲೂ ಈ ಸಾಲು ಇರಲಿಲ್ಲ.

"ಇವತ್ತು ಮರಿ ಇಲ್ಲ," ಎಂದಳು ಮೋಝಾ.
"ಹಾಲು ಬಿಡಲು ಇನ್ನೂ ನಾಲ್ಕು ವಾರ. ಪ್ರತಿ ಶುಕ್ರವಾರ ಬಾ.
ಶಮ್ಮಾ ನಿನ್ನನ್ನು ಇನ್ನಷ್ಟು ನೋಡಲಿ."

ಮರಳುವಾಗ ಲಾರಿಗಳ ನಡುವೆ ವೈಜು ಕೇಳಿದಳು:
"ಅಪ್ಪ, ಮುಂದಿನ ವಾರ ಅವಳಿಗೆ ಏನು ಒಯ್ಯೋಣ?"
ಇಷ್ಟು ವರ್ಷ ಮುಖ ತಿರುಗಿಸಿ ದಾಟಿದ
ಸೂಪರ್ ಮಾರ್ಕೆಟ್ಟಿನ ಆ ಕಪಾಟಿನ ಎದುರು
ನನ್ನನ್ನು ನಾನೇ ಕಂಡೆ:
ಟೋಕನ್ ಹಿಡಿದು, ಸಾಲಿನಲ್ಲಿ,
ಎಲುಬು ಇರಲೋ ಬೇಡವೋ ಎಂದು ಯಾರನ್ನು ಕೇಳುವುದೆಂದು ತಿಳಿಯದೆ.