ಎರಡು ಸಲ ಬರುವ ಗುರುತು

ಪಂಪು ಬಂದದ್ದು ಮಂಗಳೂರಿನಿಂದ,
ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರನ ಕಾಲ ಬುಡದಲ್ಲಿ,
ಗೋಣಿಯೊಳಗೆ, ಹೊಸ ಪ್ಲಂಜರು ಹಾಕಿಸಿಕೊಂಡು,
ಬಾಯಿಗಳಿಗೆಲ್ಲ ಚಿಂದಿ ತುರುಕಿಸಿಕೊಂಡು,
ಹಲ್ಲು ಕೀಳಿಸಿಕೊಂಡ ಹುಡುಗನ ಹಾಗೆ.

ಮಳೆಗಾಲದ ರಜೆಯ ಕೊನೆಯ ದಿನ.
ನಾಳೆ ನಸುಕಿಗೆ ಮಲ್ಪೆಯ ಬೋಟುಗಳೆಲ್ಲ
ಅಳಿವೆ ದಾಟುತ್ತವೆ. ಐಸು ತುಂಬಿ ಆಗಿದೆ,
ಅಕ್ಕಿ, ಈರುಳ್ಳಿ, ಬೀಡಿ ಹತ್ತಿ ಆಗಿದೆ.
ವಾಮನ ಮೆಂಡನ್ನರ ಬೋಟು ಮಾತ್ರ
ಕೆಮ್ಮುವುದೂ ಇಲ್ಲ.

ಗಾಳಿ ತೆಗೆದೆ. ಪೈಪಿನ ನಟ್ಟು ಅರ್ಧ ಸುತ್ತು ಸಡಿಲಿಸಿ
ಗುಳ್ಳೆ ನಿಂತು ಡೀಸೆಲ್ ಮುಖಕ್ಕೆ ಉಗುಳುವ ತನಕ.
ಫಿಲ್ಟರು ಬದಲಿಸಿದೆ. ಪಕ್ಕದ ಬೋಟಿನ
ಬ್ಯಾಟರಿ ಕಡ ತಂದೆ. ಅದೂ ಸೋತಿತು.
ಬಂದದ್ದು ಹೊಗೆ. ಬಿಳಿ,
ಗಂಜಿಯ ಆವಿಯಂಥದು, ಕಣ್ಣುರಿಸುವ ಹಸಿ ವಾಸನೆ.
ಎಂದರೆ ಎಣ್ಣೆ ಹೋಗಿದೆ, ಬೆಂಕಿ ಆಗಿಲ್ಲ:
ಬಡಿಸಿದ್ದಾರೆ,
ಉಣ್ಣುವವನು ಎದ್ದು ಹೋದ ಮೇಲೆ.

ಮೆಂಡನ್ನರು ಬೈಯಲಿಲ್ಲ.
ಐಸು ಕರಗಿ ತಳಕ್ಕೆ ತೊಟ್ಟಿಕ್ಕುವ ಸದ್ದು
ಕೇಳುತ್ತ ನಿಂತರು. ಬೈದಿದ್ದರೆ ಒಳ್ಳೆಯದಿತ್ತು.

ಆಗ ನಾನು ಫೋನೆತ್ತಿ
ಬಂದರಿನ ಪಂಪು ರಿಪೇರಿಯ ಬೆಂಜಮಿನ್ ಸಿಕ್ವೇರರಿಗೆ,
ನಲವತ್ತು ವರ್ಷ ಕೂದಲೆಳೆಯ ಲೆಕ್ಕದಲ್ಲಿ
ಎಣ್ಣೆ ಅಳೆದ ಮುದುಕರಿಗೆ,
"ಕಣ್ಣು ಕಾಣದಿದ್ದರೆ ಅಂಗಡಿ ಮುಚ್ಚಿ" ಎಂದುಬಿಟ್ಟೆ.
ಅತ್ತ ಸ್ವಲ್ಪ ಹೊತ್ತು ಯಾವುದೋ ಮೋಟಾರಿನ ಗುಂಯ್.
ಆಮೇಲೆ, "ಬರ್ತೇನೆ."

ರಾತ್ರಿ ಹತ್ತಕ್ಕೆ ಬಂದರು, ಕೊಡೆ ಹಿಡಿದು.
ಪೆಟ್ಟಿಗೆಯಿಲ್ಲ. ಅಂಗಿಯ ಜೇಬಿನಲ್ಲಿ
ಕನ್ನಡಕದ ಜೊತೆ ಒಂದು ಹದಿನೇಳರ ಸ್ಪ್ಯಾನರು.
ಪಂಪಿನ ಕಡೆ ನೋಡಲೂ ಇಲ್ಲ.
"ರಾಕರಿನ ಮುಚ್ಚಳ ತೆಗಿ.
ಈಗ ಕೈಯಲ್ಲಿ ತಿರುಗಿಸು, ಗುರುತು ಬರುವಲ್ಲಿವರೆಗೆ."

ಗುರುತು ಬಂತು, ಫ್ಲೈವೀಲಿನಲ್ಲಿ, ಪಂಪಿನಲ್ಲಿ,
ಎರಡೂ ಗೆರೆ ಮೂಗಿಗೆ ಮೂಗು.
ನೋಡಿ, ಎಂದೆ, ಗೆದ್ದವನಂತೆ.
ಅವರು ಮೊದಲ ಸಿಲಿಂಡರಿನ ಮೇಲೆ ಬೆರಳಿಟ್ಟರು: ಬಿಗಿ.
ಬಗ್ಗಿ ಆರನೆಯದರ ಮೇಲಿಟ್ಟರು: ಟಿಕ್, ಟಿಕ್, ಸಡಿಲ.
ನನಗೆ ಮಾತ್ರ ಕೇಳುವ ಹಾಗೆ ಅಂದರು:
"ಗುರುತು ಎರಡು ಸಲ ಬರ್ತದೆ ಮಾರಾಯ.
ನೀನು ಕೂರಿಸಿದ್ದು ಯಾವುದಕ್ಕೆ?"

ಗೊತ್ತಿತ್ತು. ಕೇಳುವ ಮೊದಲೇ ಗೊತ್ತಾಗಿತ್ತು.
ಮಧ್ಯಾಹ್ನ, ಒಡಿಶಾದ ಹೊಸ ಹುಡುಗನಿಗೆ
ಮುಚ್ಚಳ ತೆಗೆಯದೆ ಪಂಪು ಕೂರಿಸುವ
ನನ್ನ ಕೈಚಳಕ ತೋರಿಸುತ್ತಿದ್ದೆ.
ಅವನು ಬಾಯಿ ಬಿಟ್ಟು ನೋಡುತ್ತಿದ್ದ.

ಕಪ್ಲಿಂಗಿನ ಬೋಲ್ಟು ಎರಡು ಸಡಿಲಿಸಿದರು.
ಪಂಪನ್ನು ಅಲ್ಲೇ ಬಿಟ್ಟು ಎಂಜಿನಿಗೆ ಒಂದು ಸುತ್ತು, ಪೂರ್ತಿ.
ಬಾರು ಹಿಡಿದು ತಿರುಗಿಸಿದವನು ನಾನೇ.
ಅಷ್ಟು ಉದ್ದದ ಸುತ್ತನ್ನು
ಇಪ್ಪತ್ತೆರಡು ವರ್ಷದಲ್ಲಿ ನಾನು ಸುತ್ತಿಲ್ಲ.

ಮೊದಲು ಒಂದು ಸಿಲಿಂಡರು ಗುದ್ದಿತು,
ಯೋಚಿಸಿ ಇನ್ನೊಂದು,
ಆಮೇಲೆ ಆರೂ ಒಟ್ಟಿಗೆ, ಹಲಗೆ ನಡುಗಿ,
ಟೀ ಗ್ಲಾಸು ಎಂಜಿನಿನ ಮೇಲಿಂದ ಜಾರಿ ಒಡೆಯಿತು.
ಬಲೆಯ ಮೇಲೆ ಮಲಗಿದ್ದವರು ಎದ್ದು ಕೂತರು.

"ಎಂತ ಆಗಿತ್ತು ಬಾಪ್ಪು?" ಮೆಂಡನ್ನರು ಕೇಳಿದರು.
ಚಿಂದಿಯಲ್ಲಿ ಒಂದೊಂದೇ ಬೆರಳು ಒರೆಸುತ್ತ,
ನನ್ನ ಕಡೆ ನೋಡದೆ, "ಗಾಳಿ" ಎಂದರು.
"ಗಾಳಿ ಹೊಕ್ಕಿತ್ತು. ಆಗ್ತದೆ."

ಕೊನೆಯ ಬಸ್ಸು ಹೋಗಿತ್ತು.
ಹರಾಜಿನ ಕಟ್ಟೆಯ ಮೇಲೆ ಕೊಡೆ ತಲೆಯಡಿಗಿಟ್ಟು
ಮಲಗಿದರು. ಪಕ್ಕದಲ್ಲಿ ನಾನು ಕೂತೇ ಇದ್ದೆ,
ಒಂದು ಮಾತು ಗಂಟಲ ತನಕ ಬಂದು
ಅಲ್ಲಿಂದ ಮುಂದೆ ಹೊತ್ತಿಕೊಳ್ಳದೆ.
ಕೊಡೋಣವೆಂದರೆ ಬಂದರಿನಲ್ಲಿ ಒಂದು ಮೀನೂ ಇಲ್ಲ.

ನಸುಕಿನ ಬಸ್ಸು ಹತ್ತುವಾಗ ಜೇಬು ಮುಟ್ಟಿಕೊಂಡರು.
ಸ್ಪ್ಯಾನರು ಬೋಟಿನಲ್ಲೇ ಉಳಿದಿತ್ತು.
ಬೋಟು ಆಗಲೇ ಅಳಿವೆಯ ಆಚೆ,
ಸದ್ದು ಮಾತ್ರ ಇತ್ತು, ಸಮನಾದ ಸದ್ದು.
"ಇರಲಿ, ಬಂದಾಗ ತಾ" ಎಂದರು.

ಹತ್ತು ದಿನ ಉಂಟು ಇನ್ನು.