ಹಲ್ಲಲ್ಲಿ ಕೇಳುವುದು

ಅರಸೀಕೆರೆಯಲ್ಲಿ ರೈಲು ಬಂದರೆ ಮಾತು ನಿಲ್ಲಿಸುತ್ತೇವೆ.
ಗೇಟಿನ ಪಕ್ಕದ ನಮ್ಮ ಶೆಡ್ಡಿನಲ್ಲಿ
ಮೊಳೆಗೆ ತೂಗುಬಿಟ್ಟ ಸ್ಪ್ಯಾನರುಗಳೂ ಕಿಣಿಕಿಣಿ ಅನ್ನುತ್ತವೆ.
ಆ ವರ್ಷ ದಸ್ತಗೀರ್ ಸಾಬರು ಮಾತ್ರ
ರೈಲಿನ ನಡುವೆಯೇ ಮಾತಾಡುತ್ತಾ ಹೋದರು.
ನನಗೆ ಆಗಲೇ ತಿಳಿಯಬೇಕಿತ್ತು.

ತೀರ್ಥಪ್ಪನ ಇಂಡಿಕಾ ಬಂತು ಮಾಗಿಯ ಒಂದು ಬೆಳಿಗ್ಗೆ,
ಕೊಬ್ಬರಿ ಟೆಂಪೋ ಹಿಂದೆ, ಹಗ್ಗ ಕಟ್ಟಿಸಿಕೊಂಡು.
ಹತ್ತು ಸಲ ಕೀ ತಿರುಗಿಸಬೇಕು ಸಾಬ್ರೆ,
ಹತ್ತುತ್ತೆ, ಕೆಮ್ಮುತ್ತೆ, ಆರುತ್ತೆ.
ಒಂದ್ಸಲ ನಿಂತುಕೊಂಡ್ರೆ ಬಾಣಾವರದ ತನಕ ಬೆಣ್ಣೆ.
ಬ್ಯಾಟರಿ ಹೊಸದು. ಹೀಟರ್ ಪ್ಲಗ್ಗು ನಾಲ್ಕೂ ಹೊಸವು.
ಹಾಸನದಲ್ಲಿ ಪಂಪೇ ಇಳಿಸಬೇಕು ಅಂತಾರೆ,
ಹದಿನೆಂಟು ಸಾವಿರ.

ಸಾಬರು ಬಾನೆಟ್ಟು ಎತ್ತಲಿಲ್ಲ.
ಕೀ ತಿರುಗಿಸುವಾಗ ಹೊಗೆ ಯಾವ ಬಣ್ಣ, ಅಂದರು.
ಹೊಗೆಯೇ ಬರಲ್ಲ.
ಹೊಗೆ ಇಲ್ಲ ಅಂದ್ರೆ ಅನ್ನವೇ ಬಾಯಿಗೆ ಬಂದಿಲ್ಲ,
ಜೀರ್ಣದ ಮಾತು ಯಾಕೆ?

ಗಾರೆಯವರು ಮಟ್ಟ ನೋಡುವ ಪೈಪಿನ ಗೇಣುದ್ದ ತುಂಡು
ಫಿಲ್ಟರಿಗೂ ಪಂಪಿಗೂ ನಡುವೆ ಸಿಕ್ಕಿಸಿ
ನೋಡು ಅಂದರು.
ಜೇನುಬಣ್ಣದ ಡೀಸೆಲ್ಲಿನಲ್ಲಿ ಸಾಸಿವೆಯಷ್ಟು ಗುಳ್ಳೆ,
ಹಿಂದೆ ಇನ್ನೊಂದು, ಮತ್ತೊಂದು,
ಸಾಲು ತಪ್ಪದ ಇರುವೆಗಳ ಹಾಗೆ.
ಡೀಸೆಲ್ ಹೊರಗೆ ಸೋರಿದ್ರೆ ನೆಲ ಹೇಳುತ್ತೆ.
ಗಾಳಿ ಒಳಗೆ ಸೋರಿದ್ರೆ ಯಾರು ಹೇಳ್ತಾರೋ?

ಬಾಂಜೋ ಬೋಲ್ಟಿನಡಿಯ ತಾಮ್ರದ ವಾಷರು.
ಟೀ ಕಾಸುವ ಸ್ಟವ್ವಿನ ಮೇಲೆ ಇಕ್ಕಳದಲ್ಲಿ ಹಿಡಿದೆ,
ಅದು ಕೆಂಪಾಗಿ, ದಾಳಿಂಬೆ ಬೀಜವಾಗಿ,
ಚೊಂಬಿನ ನೀರಲ್ಲಿ ಚೊಯ್ ಅಂತು.
ಕಬ್ಬಿಣಕ್ಕೆ ಹೀಗೆ ಮಾಡಿದರೆ ಹಟ ಬರುತ್ತೆ.
ತಾಮ್ರ ಮೆತ್ತಗಾಗಿ
ತನ್ನ ಜಾಗದಲ್ಲಿ ಮತ್ತೆ ಕೂರುತ್ತೆ.

ಹ್ಯಾಂಡ್ ಪಂಪು ಒತ್ತಿ ಒತ್ತಿ ಹೆಬ್ಬೆರಳು ಸೋತ ಮೇಲೆ
ಅರ್ಧ ಕೀಗೇ ಹತ್ತಿತು ಗಾಡಿ.
ತೀರ್ಥಪ್ಪ ಕೈಮುಗಿದದ್ದು ಸಾಬರಿಗೋ ಸ್ಟವ್ವಿಗೋ.

ಆಗ ಸಾಬರು ನನ್ನ ಹತ್ತಿರ ಬಂದು, ಅವನಿಗೆ ಕೇಳದ ಹಾಗೆ,
ಟಕಟಕ ಇದೆಯಾ? ಅಂದರು.
ಇತ್ತು. ನಾಯಿಗೂ ಕೇಳುವಷ್ಟು ಇತ್ತು.

ನಾನು ತಲೆಯಾಡಿಸಿದೆ.
ಅವರು ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು
ಹಲ್ಲಲ್ಲಿ ಕಚ್ಚಿ, ತುದಿಯನ್ನು ಇಂಜೆಕ್ಟರಿಗೆ ಊರಿ
ಕಣ್ಣು ಮುಚ್ಚಿದರು.
ಒಂದು. ಎರಡು. ಮೂರರ ಮೇಲೆ ತುಸು ಹೊತ್ತು. ನಾಲ್ಕು.
ಆಮೇಲೆ ಹಿಡಿಯನ್ನು ಲುಂಗಿಗೆ ಒರೆಸಿ ನನಗೆ ಕೊಟ್ಟರು.

ಕಚ್ಚಿದೆ. ಡೀಸೆಲ್ಲು, ಬೆವರು, ಅವರ ಹೊಗೆಸೊಪ್ಪಿನ ಘಾಟು.
ಕಿವಿಯನ್ನು ಬಳಸಿಕೊಂಡು
ಇಡೀ ಇಂಜಿನ್ನು ನನ್ನ ಬುರುಡೆಯೊಳಗೆ ಬಂದು ಕೂತಿತ್ತು.
ಮಿಕ್ಕ ಮೂರು ಲಯದಲ್ಲಿ; ಒಂದು ಮಾತ್ರ
ಊಟಕ್ಕೆ ತಡವಾಗಿ ಬಂದವನ ಹಾಗೆ ದಡಬಡ.

ಮೂರನೇದು, ಅಂದೆ.
ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

ಎಷ್ಟಾಯ್ತು ಸಾಬ್ರೆ? ಅಂದ ತೀರ್ಥಪ್ಪ, ಪರ್ಸು ತೆಗೆದು.
ಅವರು ಗೇಟಿನ ಕಡೆ ತಿರುಗಿ ನಿಂತಿದ್ದರು.
ಮತ್ತೆ ಕೇಳಿದ.
ನಾನು ಹೋಗಿ ಅವರ ತೋಳು ಮುಟ್ಟಿ,
ಎದುರಿಗೆ ನಿಂತು, ಬಾಯಿ ಅಗಲಿಸಿ:
ಎಷ್ಟು, ಅಂತಿದಾರೆ.

ಇನ್ನೂರು, ಅಂದರು.
ವಾಷರಿಗೆ ಬೇಡ, ಅದು ಅವನದ್ದೇ.