ಮೂರನೆಯ ಬಟ್ಟಲು

ಹತ್ತೂವರೆಯ ತರಗತಿಯಲ್ಲಿ ನಾನು ಕಲಿಸುವುದು
ಸದ್ದು ಮಾಡದೆ ಕುಡಿಯುವುದನ್ನು.
ಚಮಚ ಬಟ್ಟಲಿನ ಅಂಚಿಗೆ ತಾಗಬಾರದು,
ಕಿರುಬೆರಳು ಚಾಚಬಾರದು, ಗಂಟಲು ಕೇಳಿಸಬಾರದು.
ಹನ್ನೊಂದೂವರೆಗೆ ಅದೇ ಮಕ್ಕಳು, ಅದೇ ಟೈ,
ಕೆಳಮಹಡಿಯ ಕಾಫಿ ಲ್ಯಾಬಿಗೆ ಇಳಿದು
ಸೊರ್ರೆಂದು ಎಳೆಯುತ್ತಾರೆ.
ಎಳೆಯಲೇಬೇಕು. ಇಲ್ಲದಿದ್ದರೆ ದೇಚಮ್ಮ ಮೇಡಂ ಅಂಕ ಕಳೆಯುತ್ತಾರೆ.
ನನ್ನ ಒಂದು ಗಂಟೆಯ ಪಾಠ
ಮೆಟ್ಟಿಲಿಳಿಯುವಷ್ಟರಲ್ಲಿ ಮುಗಿದುಹೋಗುತ್ತದೆ.

ಗೋಣಿಕೊಪ್ಪದಿಂದ ಆರು ಕಿಲೋಮೀಟರು,
ಗದ್ದೆ ಮುಚ್ಚಿ ಎಬ್ಬಿಸಿದ ಗಾಜಿನ ಕಟ್ಟಡ ನಮ್ಮ ವಿಶ್ವವಿದ್ಯಾಲಯ.
ಕಪ್ಪೆಗಳಿಗಿನ್ನೂ ಸುದ್ದಿ ಮುಟ್ಟಿಲ್ಲ;
ಜೂನ್ ಬಂತೆಂದರೆ ಪಾರ್ಕಿಂಗಿಗೆ ಬಂದು ಮೊಟ್ಟೆಯಿಡುತ್ತವೆ.
ಗೇಟಿನ ಮೇಲೆ ಕಳೆದ ವರ್ಷ ಕೆಲಸ ಸಿಕ್ಕವರ ಫೋಟೋ,
ಮುಖದ ಕೆಳಗೆ ಸಂಬಳ,
ಹೆಸರು ಅದಕ್ಕಿಂತ ಸಣ್ಣ ಅಕ್ಷರದಲ್ಲಿ.
ನನ್ನದು ಎಲ್ಲೂ ಇಲ್ಲ. ನನ್ನದು ಹನ್ನೊಂದು ತಿಂಗಳ ಕರಾರು.

ಫೆಬ್ರವರಿಯ ಪ್ರಾಕ್ಟಿಕಲ್ ದಿನ
ಮೇಲ್ವಿಚಾರಣೆಗೆ ನನ್ನನ್ನು ಹಾಕಿದರು.
ಐದು ಬಟ್ಟಲು, ಸುತ್ತಮುತ್ತಲ ಐದು ತೋಟದ ರೊಬಸ್ಟಾ,
ಹೆಸರಿಲ್ಲ, ಬರೀ ನಂಬರು.
ನಾಲ್ಕು ನಿಮಿಷ ಕಾದು
ಕೆನೆಗಟ್ಟಿದ ಪುಡಿಯನ್ನು ಚಮಚದ ಬೆನ್ನಿನಿಂದ ಒಡೆದು
ಮೂಗು ತಗ್ಗಿಸಬೇಕು.
ರಶಾದ್ ಮೊದಲನೆಯದರಲ್ಲಿ ಬ್ಲೂಬೆರ್ರಿ ಕಂಡ.
ಕೊಂಡಂಗೇರಿಯಲ್ಲಿ ಅವನು ಬ್ಲೂಬೆರ್ರಿ ಎಲ್ಲಿ ತಿಂದನೋ!
ಲಿಖಿನ್ ಬೋಜಣ್ಣ ಗೋಡೆಯ ಬಣ್ಣದ ಚಕ್ರವನ್ನು ಎರಡು ಸಲ ನೋಡಿ
'ಹುರಿದ ಬಾದಾಮಿ' ಎಂದು ಬರೆದ.
ಬರೆಯಲಿ. ನಾನೂ ಕಾಣದ್ದನ್ನೇ ಕಲಿಸಿ ಉಣ್ಣುವವನು:
ಏಳು ಫೋರ್ಕಿನ ಔತಣಕ್ಕೆ
ನನ್ನನ್ನು ಇದುವರೆಗೆ ಯಾರೂ ಕರೆದಿಲ್ಲ.

ಪಿ. ವೈ. ಸಜಿನಿ
ಮೂರನೆಯ ಬಟ್ಟಲಿನ ಮುಂದೆ ನಿಂತೇಬಿಟ್ಟಳು.
ಒಮ್ಮೆ ಎಳೆದಳು. ಉಗುಳಲಿಲ್ಲ.
ಮತ್ತೊಮ್ಮೆ, ಸದ್ದೇ ಇಲ್ಲದೆ, ನಾನು ಕಲಿಸಿದ ಹಾಗೆ.
ಆಮೇಲೆ ಬಗ್ಗಿ ಬರೆದಳು:
'ಮುಗ್ಗಲು. ಒಣಗುವಾಗ ಮಳೆ ತಾಗಿದೆ. ಒಂದು ರಾತ್ರಿ.'
ದೇಚಮ್ಮ ಮೇಡಂ ಪಟ್ಟಿ ತೆಗೆದು ಹೋಲಿಸಿ
ಹತ್ತಕ್ಕೆ ಒಂಬತ್ತೂವರೆ ಕೊಟ್ಟರು.
"ಒಂದೇ ರಾತ್ರಿ ಅನ್ನೋದು ನಾಲಿಗೆಗೆ ಹೇಗೆ ಗೊತ್ತಾಯ್ತು ಮಗೂ?"
ಅವಳು ಟೈ ಸರಿಮಾಡಿಕೊಂಡಳು.

ಸಂಜೆ ಬಸ್ ಸ್ಟಾಪಿನಲ್ಲಿ, ನಾನು ಕೇಳದೆಯೇ:
"ಅದು ನಮ್ಮ ಸಾವ್ಕಾರ್ರ ಕಣದ್ದು ಸಾರ್.
ಜನವರೀಲಿ ಸುಮ್‌ಸುಮ್ಮನೆ ಬಂತಲ್ಲ ಒಂದು ಮಳೆ,
ಅವತ್ತು ಟಾರ್ಪಾಲು ಹೊದಿಸೋ ಸರದಿ ಅವ್ವಂದು.
ಅವ್ವಂಗೆ ಜ್ವರ. ನಾನು ಹೋಗ್ತೀನಿ ಅಂದಿದ್ದೆ.
ಮಾರನೇ ದಿನ ನಿಮ್ಮ ಇಂಟರ್ನಲ್ಸ್.
ಇಯರ್‌ಫೋನ್ ಹಾಕ್ಕೊಂಡು
'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಬಾಯಿಪಾಠ ಮಾಡ್ತಿದ್ದೆ.
ಶೀಟಿನ ಮೇಲೆ ಬಿದ್ದ ಮಳೆ ಕೇಳಿಸಲೇ ಇಲ್ಲ.
ಆಮೇಲೆ ನಾಲ್ಕು ದಿನ ಕೈಯಾಡಿಸಿ ಒಣಗಿಸಿದ್ದು ನಾನೇ.
ಉಗುರಲ್ಲಿನ್ನೂ ಅದರ ವಾಸನೆ ಇದೆ.
ಅವ್ವನ ಕೂಲಿಯಲ್ಲಿ ಮೂರು ದಿನದ್ದು ಹಿಡಿದರು."

ಆ ಇಂಟರ್ನಲ್ಸ್‌ನಲ್ಲಿ ನಾನು ಅವಳಿಗೆ ಕೊಟ್ಟದ್ದು
ಇಪ್ಪತ್ತಕ್ಕೆ ಹನ್ನೊಂದು.
ಷರಾ: 'ತನ್ನ ಬಗ್ಗೆ ಹೇಳಿಕೊಳ್ಳಲು ಹಿಂಜರಿಕೆ.'

ತಿತಿಮತಿ ಬಸ್ಸು ಬಂತು. ಖಾಸಗಿಯದು, ಹೆಂಗಸರಿಗೂ ಟಿಕೆಟ್ಟು.
ಬ್ಲೇಜರ್ ನೋಡಿ ಕಂಡಕ್ಟರ್ ಒಂದಿಷ್ಟು ಸರಿದು ದಾರಿ ಬಿಟ್ಟ.
ಅವಳು ಕೂತ ಮೇಲೆ ಅದನ್ನು ಕಳಚಿ
ಒಳಮಗ್ಗುಲು ಹೊರಗೆ ಮಾಡಿ ಮಡಿಸಿ
ತೊಡೆಯ ಮೇಲಿಟ್ಟುಕೊಂಡದ್ದು ಕಿಟಕಿಯಲ್ಲಿ ಕಂಡಿತು.

ಎದುರಿನ ಕ್ಯಾಂಟೀನಿನಲ್ಲಿ ನಾನೊಂದು ಕಾಫಿ ಹೇಳಿದೆ.
ಯಾರೂ ನೋಡುತ್ತಿರಲಿಲ್ಲ. ಸೊರ್ರೆಂದು ಎಳೆದೆ.
ಯಾವ ತೋಟದ್ದೋ ತಿಳಿಯಲಿಲ್ಲ.
ಸಕ್ಕರೆ ಜಾಸ್ತಿಯಿತ್ತು.